ಹದ್ದಿನ ಪದಕ ಮಗನಿಗಾ, ಅಪ್ಪನಿಗಾ?

ಹೋದ ತಿಂಗಳು ಸ್ಕೌಟ್ಸ್ ಮತ್ತು ಗೈಡ್ಸ್ ಬಗ್ಗೆ ಎರಡು ಸಾಲು ಬರೆದಿದ್ದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ ಬರೆದಿದ್ದಾರೆ. ಅಮೆರಿಕದಲ್ಲಿರುವ ನಮ್ಮವರದ್ದು ಈಗಲ್ ಸ್ಕೌಟ್ ಚಿಂತೆ, ಇಲ್ಲಿರುವವರದ್ದು ರಾಷ್ಟ್ರಪತಿ ಪುರಸ್ಕಾರದ ಚಿಂತೆ. ಎರಡೂ ಆಯಾ ದೇಶದಲ್ಲಿ ಒಬ್ಬ ಸ್ಕೌಟ್ ಏರಬಹುದಾದ ಕೊನೆಯ ಮೆಟ್ಟಿಲು. ಈ ಸಲ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ, ಅಡುಗೆ ಮತ್ತು ಆಸ್ತಿ ತಕರಾರಿನ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ಮಗನಿಗೆ ಹದಿನಾರೂವರೆ ವರ್ಷ, ಟ್ರೂಪ್‌ನಲ್ಲಿ ಲೈಫ್ ಸ್ಕೌಟ್ ಆಗಿದ್ದಾನೆ, ಅಂದರೆ ಈಗಲ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. ಈಗಲ್ ಆಗಲು ಒಂದು ಸೇವಾ ಯೋಜನೆ ಮಾಡಬೇಕಲ್ಲ, ನಮ್ಮವರು ತಾವೇ ದೇವಸ್ಥಾನದ ಕಮಿಟಿ ಜೊತೆ ಮಾತಾಡಿ ಚಪ್ಪಲಿ ಸ್ಟ್ಯಾಂಡ್ ಮಾಡಿಕೊಡುವುದು ಅಂತ ತೀರ್ಮಾನ ಮಾಡಿದ್ದಾರೆ. ಡ್ರಾಯಿಂಗ್ ಅವರದ್ದೇ. ಮರವೂ ಬಂದು ಗ್ಯಾರೇಜಿನಲ್ಲಿ ಬಿದ್ದಿದೆ. ಮಗ ಮಾತ್ರ ಫೋನ್ ಹಿಡಿದು ಕೂತಿರುತ್ತಾನೆ. ಬೈದರೆ 'ಅದು ಅಪ್ಪನ ಪ್ರಾಜೆಕ್ಟ್' ಅನ್ನುತ್ತಾನೆ. ಏನು ಮಾಡಲಿ?
— ಒಬ್ಬ ತಾಯಿ, ಟೆಕ್ಸಸ್

ಉತ್ತರ: ನಿಮ್ಮ ಮಗ ಹೇಳಿದ್ದು ಸರಿಯಾಗೇ ಇದೆ ಮೇಡಂ. ಅದು ಅಪ್ಪನ ಪ್ರಾಜೆಕ್ಟೇ.

ಈಗಲ್ ಯೋಜನೆಯ ನಿಯಮ ತುಂಬಾ ಉದ್ದ ಇಲ್ಲ. ಲೈಫ್ ಸ್ಕೌಟ್ ಆಗಿರುವಾಗ, ಒಂದು ಧಾರ್ಮಿಕ ಸಂಸ್ಥೆಗೋ ಶಾಲೆಗೋ ಊರಿಗೋ ಉಪಯೋಗ ಆಗುವ ಕೆಲಸವನ್ನು ಹುಡುಗನೇ ಯೋಚಿಸಬೇಕು, ರೂಪಿಸಬೇಕು, ಬೇರೆಯವರನ್ನು ಸೇರಿಸಿಕೊಂಡು ಮುಂದೆ ನಿಂತು ಮಾಡಿಸಬೇಕು. ದೇವಸ್ಥಾನ ಆಗಬಹುದು, ತೊಂದರೆ ಇಲ್ಲ. ಚಪ್ಪಲಿ ಸ್ಟ್ಯಾಂಡೂ ಒಳ್ಳೆಯದೇ, ಹಬ್ಬದ ದಿನ ಅಲ್ಲಿನ ದೇವಸ್ಥಾನಗಳ ಬಾಗಿಲಲ್ಲಿ ಬಿದ್ದಿರುವ ಶೂಗಳ ರಾಶಿ ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಇಲ್ಲಿ ನೋಡುವುದು ಸ್ಟ್ಯಾಂಡ್ ಎಷ್ಟು ಚೆನ್ನಾಗಿದೆ ಅಂತ ಅಲ್ಲ. ಅದನ್ನು ನಿಲ್ಲಿಸುವವರೆಗೆ ಹುಡುಗ ಯಾರ್ಯಾರ ಹತ್ತಿರ ಮಾತಾಡಿದ, ಯಾರಿಗೆ ಯಾವ ಕೆಲಸ ಹಂಚಿದ, ಎಲ್ಲಿ ಲೆಕ್ಕ ತಪ್ಪಿತು, ತಪ್ಪಿದಾಗ ಏನು ಮಾಡಿದ, ಇದನ್ನು ನೋಡುತ್ತಾರೆ. ಎಷ್ಟು ಗಂಟೆ ಕೆಲಸ ಆಗಬೇಕು ಅನ್ನುವ ಕನಿಷ್ಠ ಮಿತಿ ಕೂಡ ಇಲ್ಲ. ಗಂಟೆಗಳನ್ನು ಬರೆದಿಡಬೇಕು, ಅಷ್ಟೇ.

ಇನ್ನೊಂದು ವಿಷಯ ನಿಮ್ಮವರಿಗೆ ಇವತ್ತೇ ಹೇಳಿ. ಯೋಜನೆಯ ಪ್ರಸ್ತಾವಕ್ಕೆ ಮೊದಲು ಒಪ್ಪಿಗೆ ಬೇಕು. ದೇವಸ್ಥಾನದವರು, ಸ್ಕೌಟ್ ಮಾಸ್ಟರ್, ಟ್ರೂಪ್ ಕಮಿಟಿ, ಆಮೇಲೆ ಅವರ ಮೇಲಿನ ಕೌನ್ಸಿಲ್, ಇಷ್ಟು ಕಡೆಯಿಂದ ಸಹಿ ಬೀಳುವ ಮುಂಚೆ ಕೆಲಸ ಶುರು ಮಾಡುವಂತಿಲ್ಲ. ಮರ ಬಂದು ಗ್ಯಾರೇಜಿನಲ್ಲಿ ಬಿದ್ದಿದೆ ಅಂದಿರಿ. ಸಹಿ ಆಗಿಲ್ಲ ಅಂದರೆ ಗರಗಸ ಮುಟ್ಟಬೇಡಿ ಅನ್ನಿ.

ಈಗ ದಾರಿ. ನಿಮ್ಮವರು ಡ್ರಾಯಿಂಗ್ ಮಡಚಿ ಒಳಗಿಡಲಿ. ಹುಡುಗ ಒಂದು ಭಾನುವಾರ ಟೇಪು ಹಿಡಿದು ದೇವಸ್ಥಾನಕ್ಕೆ ತಾನೇ ಹೋಗಲಿ. ಬಾಗಿಲ ಪಕ್ಕ ಎಷ್ಟು ಜಾಗ ಇದೆ, ವೀಲ್‌ಚೇರ್ ಹೋಗಲು ಎಷ್ಟು ಬಿಡಬೇಕು, ಅಜ್ಜಿಯರು ಬಗ್ಗದೆ ಚಪ್ಪಲಿ ಇಡುವುದು ಯಾವ ಎತ್ತರದಲ್ಲಿ, ಅವನ ವಯಸ್ಸಿನ ಹುಡುಗರ ಆ ದೋಣಿಯಂಥ ಶೂ ಎಷ್ಟು ಅಗಲದ ಗೂಡಿನಲ್ಲಿ ಕೂರುತ್ತದೆ, ಎಲ್ಲಾ ಅಳೆದು ಬರೆದುಕೊಂಡು ಬರಲಿ. ಕಮಿಟಿಯ ಹಿರಿಯರಿಗೆ ಫೋನೂ ಅವನೇ ಮಾಡಲಿ. ಕನ್ನಡ ತೊದಲಿದರೆ ತೊದಲಲಿ, ಅವರೇನು ತಿನ್ನುವುದಿಲ್ಲ. ಅಷ್ಟೆಲ್ಲ ನೋಡಿದ ಮೇಲೆ ಅವನಿಗೆ ಸ್ಟ್ಯಾಂಡೇ ಬೇಡ ಅನಿಸಿ, ಊರಿನ ಲೈಬ್ರರಿಗೋ ಪಾರ್ಕಿಗೋ ಏನೋ ಮಾಡುತ್ತೇನೆ ಅಂದರೆ ಬಿಟ್ಟುಬಿಡಿ. ಆ ಮರದಲ್ಲಿ ನಿಮ್ಮವರು ಮನೆಗೆ ಒಂದು ಬೆಂಚು ಮಾಡಿಕೊಳ್ಳಲಿ.

ಕೊನೆಯಲ್ಲಿ ಬೋರ್ಡ್ ಆಫ್ ರಿವ್ಯೂ ಅಂತ ಇರುತ್ತದೆ. ಮೂರರಿಂದ ಆರು ಜನ ದೊಡ್ಡವರು ಕೂತು ಮಾತಾಡಿಸುತ್ತಾರೆ, ಅದರಲ್ಲಿ ಅಪ್ಪ ಅಮ್ಮ ಸದಸ್ಯರಾಗುವಂತಿಲ್ಲ. ಗಂಟು ಹಾಕಿ ತೋರಿಸು ಅಂತ ಮತ್ತೆ ಪರೀಕ್ಷೆ ಮಾಡುವುದಿಲ್ಲ, ಆದರೆ 'ಈ ಕೆಲಸದಲ್ಲಿ ಕಷ್ಟ ಆಗಿದ್ದು ಯಾವುದು' ಅಂತ ಕೇಳೇ ಕೇಳುತ್ತಾರೆ. ಅಪ್ಪ ಮಾಡಿದ ಕೆಲಸದ ಕಷ್ಟ ಮಗನ ಬಾಯಲ್ಲಿ ಹೇಗೆ ಬರಬೇಕು ಹೇಳಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಗೈಡ್ಸ್‌ನಲ್ಲಿ ತೃತೀಯ ಸೋಪಾನ ಮುಗಿಸಿದ್ದಾಳೆ. ಶಾಲೆಯಲ್ಲಿ ಗೈಡ್ ಕ್ಯಾಪ್ಟನ್ ಆಗಿದ್ದ ಮೇಡಂಗೆ ವರ್ಗ ಆಯಿತು. ಹೊಸಬರು ಯಾರೂ ಬಂದಿಲ್ಲ. ಕೇಳಿದರೆ 'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಓದಲಿ ಬಿಡಿ' ಅನ್ನುತ್ತಾರೆ. ಮಗಳು ಅಳುತ್ತಿದ್ದಾಳೆ. ರಾಷ್ಟ್ರಪತಿ ಪುರಸ್ಕಾರದ ಆಸೆ ಬಿಡಬೇಕಾ?
— ಒಬ್ಬ ತಂದೆ, ತುಮಕೂರು ಜಿಲ್ಲೆ

ಉತ್ತರ: ಬಿಡಬೇಡಿ, ಆದರೆ ಸುಮ್ನೆ ಕೂರಲೂಬೇಡಿ. ನಮ್ಮ ಕಡೆ ಎಷ್ಟೋ ಮಕ್ಕಳ ಪುರಸ್ಕಾರ ತಪ್ಪುವುದು ಹೀಗೇ. ಕ್ಯಾಪ್ಟನ್ ಹೋದರು, ದಳ ನಿಂತಿತು, ಮಗು ದೊಡ್ಡದಾಯಿತು, ಮುಗಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಅದಾದ ಮೇಲೆ ರಾಷ್ಟ್ರಪತಿ ಪುರಸ್ಕಾರ. ಒಂದು ಮೆಟ್ಟಿಲಲ್ಲಿ ಇಷ್ಟು ತಿಂಗಳು ಕೆಲಸ ಮಾಡಿದ ಮೇಲೆಯೇ ಮುಂದಿನದು ಅಂತ ನಿಯಮ ಇದೆ, ಹಾರಿ ಹೋಗುವ ಹಾಗಿಲ್ಲ. ಒಟ್ಟು ಸೇರಿಸಿದರೆ ಮೂರು ನಾಲ್ಕು ವರ್ಷದ ಬಾಬ್ತು. ಅದಕ್ಕೇ ಐದು ಆರನೇ ಕ್ಲಾಸಿನಲ್ಲಿ ಸೇರಿದವರು ಹೈಸ್ಕೂಲು ಮುಗಿಯುವ ಹೊತ್ತಿಗೆ ಆರಾಮಾಗಿ ತಲುಪುತ್ತಾರೆ, ಎಂಟನೇ ಕ್ಲಾಸಿನಲ್ಲಿ ಸೇರಿದವರು ಓಡುತ್ತಿರುತ್ತಾರೆ.

ನಿಮ್ಮ ಮಗಳು ತೃತೀಯ ಸೋಪಾನದವರೆಗೆ ಬಂದಿದ್ದಾಳೆ ಅಂದರೆ ಅರ್ಧಕ್ಕಿಂತ ಜಾಸ್ತಿ ದಾರಿ ಆಗಿದೆ. ಮೊದಲು ಕಾಗದಗಳನ್ನು ಒಟ್ಟು ಮಾಡಿ. ಪ್ರತಿ ಸೋಪಾನದ ಪ್ರಮಾಣಪತ್ರ, ಅದರ ಮೇಲಿನ ತಾರೀಖು, ಪಡೆದ ದಕ್ಷತಾ ಬ್ಯಾಡ್ಜುಗಳು, ಶಿಬಿರದ ಪತ್ರಗಳು, ಲಾಗ್ ಬುಕ್. ವರ್ಗವಾದ ಮೇಡಂ ಫೋನಿಗೆ ಸಿಗುತ್ತಾರೆ ತಾನೇ? ಸಹಿ ಬಾಕಿ ಇರುವುದಕ್ಕೆ ಅವರ ಹತ್ತಿರವೇ ಹೋಗಿ ಮಾಡಿಸಿಕೊಳ್ಳಿ, ವರ್ಷ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಜಿಲ್ಲಾ ಸಂಸ್ಥೆಯ ಕಚೇರಿಗೆ ಹೋಗಿ. ಅಲ್ಲಿ ಜಿಲ್ಲಾ ಸಂಘಟಕರು, ತರಬೇತಿ ಆಯುಕ್ತರು ಅಂತ ಇರುತ್ತಾರೆ. ಪಕ್ಕದ ಯಾವ ಶಾಲೆಯಲ್ಲಿ ಗೈಡ್ ದಳ ನಡೆಯುತ್ತಿದೆ, ಶಾಲೆಗೆ ಸಂಬಂಧ ಇಲ್ಲದ ಓಪನ್ ದಳ ಯಾವುದಾದರೂ ಇದೆಯಾ, ರಾಜ್ಯ ಪುರಸ್ಕಾರದ ಪರೀಕ್ಷಾ ಶಿಬಿರ ಯಾವಾಗ, ಈ ಮೂರೂ ಕೇಳಿ. ಕೇಳುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಪ್ರಶ್ನೆ ಅವಳೇ ಕೇಳಲಿ. ಸಮವಸ್ತ್ರ ಹಾಕಿಕೊಂಡು ಬಂದ ಹುಡುಗಿ ಎದುರಿಗೆ ನಿಂತು ಕೇಳಿದರೆ 'ಆಮೇಲೆ ನೋಡೋಣ' ಅನ್ನುವುದು ಆಫೀಸಿನವರಿಗೂ ಕಷ್ಟ.

ಎಸ್ಸೆಸ್ಸೆಲ್ಸಿ ಬಗ್ಗೆ: ಶಿಬಿರಕ್ಕೆ ಹೋಗುವ ದಿನಗಳಿಂದ ರಿಸಲ್ಟು ಹಾಳಾಗುವುದಿಲ್ಲ. ಅಕಸ್ಮಾತ್ ವಯಸ್ಸು ಮೀರಿತು ಅಂದರೂ ಕಾಲೇಜು ವಯಸ್ಸಿನವರಿಗೆ ರೋವರ್, ರೇಂಜರ್ ವಿಭಾಗ ಇದೆ. ಅಲ್ಲಿ ಪ್ರವೀಣ, ನಿಪುಣ ಅಂತ ಹತ್ತಿ ಅಲ್ಲೂ ರಾಷ್ಟ್ರಪತಿ ಪುರಸ್ಕಾರದವರೆಗೆ ಹೋಗಬಹುದು.

ಪ್ರಶ್ನೆ: ನಾನು ಎಂಟನೇ ಕ್ಲಾಸು. ಸ್ಕೌಟ್ ಶಿಬಿರದಲ್ಲಿ ಗಂಟು ಹಾಕುವಾಗ ಕೈ ನಡುಗುತ್ತದೆ. ಮನೆಯಲ್ಲಿ ಬರುತ್ತದೆ, ಅಲ್ಲಿ ಮರೆತುಹೋಗುತ್ತದೆ. ರಾಜ್ಯ ಪುರಸ್ಕಾರಕ್ಕೆ ಹೇಗೆ ತಯಾರಾಗಲಿ?
— ವಿದ್ಯಾರ್ಥಿ, ಶಿರಸಿ

ಉತ್ತರ: ಪುಟ್ಟಾ, ಎಲ್ಲರಿಗೂ ನಡುಗುತ್ತದೆ. ನೀನು ಮನೆಯಲ್ಲಿ ಮೇಜಿನ ಮೇಲೆ ಹಗ್ಗ ಇಟ್ಟುಕೊಂಡು ನೋಡಿ ನೋಡಿ ಹಾಕುತ್ತಿದ್ದೀಯ, ಅದಕ್ಕೇ ಹಾಗೆ. ಗಂಟು ಕಣ್ಣಲ್ಲಿ ಇರಬಾರದು, ಬೆರಳಲ್ಲಿ ಇರಬೇಕು. ಕೈ ಹಿಂದೆ ಕಟ್ಟಿಕೊಂಡು ರೀಫ್ ನಾಟ್ ಹಾಕು. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ತುದಿಗಳು ಅಡ್ಡಡ್ಡ ನಿಲ್ಲುತ್ತವೆ, ಅದು ಜಾರುವ ಗಂಟು. ಸರಿಯಾದದ್ದು ಚಪ್ಪಟೆಯಾಗಿ ಕೂರುತ್ತದೆ, ಬ್ಯಾಂಡೇಜಿಗೆ ಅದನ್ನೇ ಹಾಕುವುದು ಅದಕ್ಕೇ, ಗಾಯದ ಹತ್ತಿರ ಒತ್ತುವುದಿಲ್ಲ.

ಬೌಲೈನ್ ಅಂದರೆ ಬಿಗಿಯಾಗದ ಕುಣಿಕೆ. ಅದನ್ನು ನಿನ್ನ ಸೊಂಟದ ಸುತ್ತಲೇ ಹಾಕಿಕೊಂಡು ಅಭ್ಯಾಸ ಮಾಡು, ಬಾವಿಗೆ ಬಿದ್ದವನನ್ನು ಎತ್ತುವಾಗ ಅವನ ಹೊಟ್ಟೆ ಬಿಗಿಯಬಾರದಲ್ಲ. ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರಿಸಲು ಶೀಟ್ ಬೆಂಡ್. ಕಂಬಕ್ಕೆ ಶುರು ಮಾಡಲು ಕ್ಲೋವ್ ಹಿಚ್. ನಿಮ್ಮ ಕಡೆ ಅಡಿಕೆ ಒಣಗಿಸಲು ಅಟ್ಟ ಕಟ್ಟುತ್ತಾರಲ್ಲ, ಕಂಬಕ್ಕೆ ದಬ್ಬೆ ಕಟ್ಟುವಾಗ ಹೋಗಿ ಕೂತು ನೋಡು, ಸಾಧ್ಯವಾದರೆ ಒಂದು ಮೂಲೆ ನನಗೆ ಬಿಡಿ ಅಂತ ಕೇಳು. ಪರೀಕ್ಷಕರು ಲ್ಯಾಶಿಂಗ್ ಅಂತ ಕೇಳುವುದು ಅದನ್ನೇ. ನೈಲಾನ್ ಹಗ್ಗ ಬೇಡ, ಹತ್ತಿ ಅಥವಾ ನಾರಿನ ಹಗ್ಗದಲ್ಲಿ ಕಲಿ. ನೈಲಾನು ಜಾರುತ್ತದೆ, ನಿನಗೆ ಬರುವುದಿಲ್ಲ ಅಂತ ಸುಮ್ನೆ ಬೇಜಾರಾಗುತ್ತದೆ.

ಮತ್ತೆ ಗಂಟೊಂದೇ ಅಲ್ಲ. ಪ್ರಥಮ ಚಿಕಿತ್ಸೆ, ದಿಕ್ಸೂಚಿ, ನಕ್ಷೆ, ಅಂದಾಜು, ಡೇರೆ, ಅಡುಗೆ ಎಲ್ಲಾ ಇರುತ್ತದೆ. ಶಿಬಿರದಲ್ಲಿ ಒಲೆ ಹೊತ್ತಿಸಲು ಹೊಗೆ ಕುಡಿಯುವ ಹುಡುಗರನ್ನು ನೋಡಿದ್ದೇನೆ. ವಾರಕ್ಕೊಂದು ದಿನ ಮನೆಯಲ್ಲಿ ನೀನೇ ಸೌದೆ ಒಲೆ ಹಚ್ಚಿ ಅನ್ನ ಮಾಡು, ಅಮ್ಮನಿಗೂ ಖುಷಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ ಹದಿನೇಳು ವರ್ಷ ನಾಲ್ಕು ತಿಂಗಳು. ಸ್ಟಾರ್ ರ‍್ಯಾಂಕ್ ಈಗಷ್ಟೇ ಆಗಿದೆ. ಹದಿನೆಂಟು ತುಂಬುವುದರೊಳಗೆ ಈಗಲ್ ಆಗಬಹುದಾ? ಟೆನಿಸ್, ಪರೀಕ್ಷೆ ಅಂತ ತಡವಾಯಿತು.
— ಒಬ್ಬ ಅಪ್ಪ

ಉತ್ತರ: ಆಗುವುದಿಲ್ಲ ಸರ್. ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ನೋಡಿ. ಸ್ಟಾರ್ ಆದ ಮೇಲೆ ಲೈಫ್ ಆಗಲು ಆರು ತಿಂಗಳು, ಲೈಫ್ ಆದ ಮೇಲೆ ಈಗಲ್‌ಗೆ ಇನ್ನೊಂದು ಆರು ತಿಂಗಳು, ಎರಡರಲ್ಲೂ ಟ್ರೂಪಿನಲ್ಲಿ ಒಂದು ಜವಾಬ್ದಾರಿ ಹೊತ್ತಿರಬೇಕು. ನಿಮ್ಮ ಹತ್ತಿರ ಇರುವುದು ಎಂಟು. ತನ್ನ ಕೈಮೀರಿದ ಕಾರಣಕ್ಕೆ ತಡವಾದವರಿಗೆ ಸ್ವಲ್ಪ ಕಾಲ ವಿಸ್ತರಣೆ ಕೊಡುವ ದಾರಿ ಇದೆ, ವಿಶೇಷ ಅಗತ್ಯದ ಮಕ್ಕಳಿಗೂ ಬೇರೆ ವ್ಯವಸ್ಥೆ ಇದೆ. ಟೆನಿಸ್ ಇತ್ತು, ಪರೀಕ್ಷೆ ಇತ್ತು ಅನ್ನುವುದು ಅದರಲ್ಲಿ ಬರುವುದಿಲ್ಲ.

ಹದಿನಾಲ್ಕರ ಆಸುಪಾಸಿನ ಮಕ್ಕಳಿರುವವರು ಮಾತ್ರ ಇದನ್ನು ಗಮನಿಸಿ ಓದಿ. ಈಗಲ್‌ಗೆ ಒಟ್ಟು 21 ಮೆರಿಟ್ ಬ್ಯಾಡ್ಜ್ ಬೇಕು, ಅಂದರೆ ಒಂದೊಂದು ವಿಷಯ ಕಲಿತದ್ದಕ್ಕೆ ಒಂದೊಂದು ಬ್ಯಾಡ್ಜ್, ಕೆಲವು ಕಡ್ಡಾಯ, ಉಳಿದದ್ದು ಮಗುವಿನ ಇಷ್ಟ. ಇಷ್ಟದವು ಒಂದು ಬೇಸಿಗೆ ಶಿಬಿರದಲ್ಲಿ ನಾಲ್ಕೈದು ಆಗಿಬಿಡುತ್ತವೆ. ಸಿಕ್ಕಿಹಾಕಿಕೊಳ್ಳುವುದು ಕಾಲ ಹಿಡಿಯುವ ಕಡ್ಡಾಯದವುಗಳಲ್ಲಿ. ಹಣಕಾಸು ನಿರ್ವಹಣೆಯ ಬ್ಯಾಡ್ಜಿಗೆ ಹದಿಮೂರು ವಾರ ಖರ್ಚು ವೆಚ್ಚ ಬರೆದಿಡಬೇಕು. ದೇಹದಾರ್ಢ್ಯದ್ದಕ್ಕೆ ಹನ್ನೆರಡು ವಾರದ ವ್ಯಾಯಾಮ. ಕುಟುಂಬ ಜೀವನದ ಬ್ಯಾಡ್ಜಿಗೆ ತೊಂಬತ್ತು ದಿನ ಮನೆಕೆಲಸ. ಕ್ಯಾಂಪಿಂಗ್‌ಗೆ ಇಪ್ಪತ್ತು ರಾತ್ರಿ ಹೊರಗೆ ಮಲಗಬೇಕು. ಇವುಗಳಿಗೆ ಟ್ಯೂಷನ್ ಇಲ್ಲ, ಜಾಸ್ತಿ ದುಡ್ಡು ಕೊಟ್ಟು ಬೇಗ ಮುಗಿಸುವ ಕೋರ್ಸೂ ಇಲ್ಲ. ತೊಂಬತ್ತು ದಿನ ಪಾತ್ರೆ ತೊಳೆಯಲು ತೊಂಬತ್ತು ದಿನವೇ ಬೇಕು.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಈ ಎಂಟು ತಿಂಗಳಲ್ಲಿ ಅವನು ಲೈಫ್ ಸ್ಕೌಟ್ ಖಂಡಿತ ಆಗಬಹುದು. ಆಮೇಲೆ ಅವನಿಗೆ ಇಷ್ಟ ಇದ್ದರೆ ಅದೇ ಸಂಸ್ಥೆಯ ದೊಡ್ಡ ಮಕ್ಕಳ ವಿಭಾಗಗಳಾದ ವೆಂಚರಿಂಗ್ ಇದೆ, ಸೀ ಸ್ಕೌಟ್ಸ್ ಇದೆ, ಅಲ್ಲಿ ಇಪ್ಪತ್ತೊಂದರವರೆಗೆ ಅವಕಾಶ, ಅಲ್ಲಿಗೂ ಅವರದ್ದೇ ಆದ ಅತಿ ಎತ್ತರದ ಪದವಿಗಳಿವೆ. ಇಷ್ಟ ಇದೆಯಾ ಅಂತ ಅವನನ್ನೇ ಕೇಳಿ. ಪತ್ರದಲ್ಲಿ ಅವನ ಮಾತು ಒಂದೂ ಇರಲಿಲ್ಲ.

ಪ್ರಶ್ನೆ: ನನಗೀಗ 78. ನಮ್ಮ ಕಾಲದಲ್ಲಿ ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಅಮೆರಿಕದಲ್ಲಿರುವ ಮೊಮ್ಮಗಳು ಈಗಲ್ ಸ್ಕೌಟ್ ಆಗುತ್ತೇನೆ ಅನ್ನುತ್ತಾಳೆ. ಇದು ನಿಜವಾ? ನಮ್ಮ ಬೆಂಗಳೂರಿನಲ್ಲಿ ಸ್ಕೌಟ್ ಶುರುವಾದದ್ದು ಯಾವಾಗ ಅಂತಲೂ ತಿಳಿಸಿ.
— ಹಿರಿಯ ಓದುಗರು, ಬಸವನಗುಡಿ

ಉತ್ತರ: ನಿಜ ಸರ್. 2019ರಿಂದ ಅಲ್ಲಿ ಹುಡುಗಿಯರಿಗೂ ಆ ದಾರಿ ತೆರೆದಿದೆ, 2021ರಲ್ಲಿ ಮೊದಲ ತಂಡದ ಹುಡುಗಿಯರು ಈಗಲ್ ಆದರು. 'ಬಾಯ್ ಸ್ಕೌಟ್ಸ್ ಆಫ್ ಅಮೆರಿಕ' ಅನ್ನುವ ಹೆಸರಿನಲ್ಲಿ ಬಾಯ್ ಇರುವುದು ಸರಿ ಅಲ್ಲ ಅಂತ 2025ರ ಫೆಬ್ರವರಿಯಿಂದ ಸಂಸ್ಥೆಯ ಹೆಸರೇ ಸ್ಕೌಟಿಂಗ್ ಅಮೆರಿಕ ಆಗಿದೆ. ಮೊಟ್ಟಮೊದಲ ಈಗಲ್ ಸ್ಕೌಟ್ ನ್ಯೂಯಾರ್ಕ್ ರಾಜ್ಯದ ಆರ್ಥರ್ ಎಲ್ಡ್ರೆಡ್, 1912ರಲ್ಲಿ. ಆಗ ಸೇವಾ ಯೋಜನೆ ಅನ್ನುವುದು ಇರಲಿಲ್ಲ, ಅದು ಸೇರಿದ್ದು 1965ರಲ್ಲಿ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಈಗಲ್ ಸ್ಕೌಟ್, ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್ ಕೂಡ. ಮೊಮ್ಮಗಳಿಗೆ ಹೇಳಲು ನಿಮಗೆ ಇಷ್ಟು ಸಾಕು ಅಲ್ವಾ.

ಬೆಂಗಳೂರಿನ ಕತೆ ಇನ್ನೂ ಹಳೆಯದು. ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅನ್ನುವವರಿಂದ. ಅಂದರೆ ಅಮೆರಿಕದ ಸಂಸ್ಥೆ 1910ರಲ್ಲಿ ಹುಟ್ಟುವುದಕ್ಕಿಂತ ಮೊದಲು. ಆದರೆ ಹಿಗ್ಗುವ ಮುಂಚೆ ಇದನ್ನೂ ಕೇಳಿ: ಆಗಿನ ದಳಗಳಲ್ಲಿ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಜಾಗ. ನಮ್ಮ ಮಕ್ಕಳು ಊರಲ್ಲೇ ಇದ್ದೂ ಹೊರಗೆ. ಅದಕ್ಕೇ 1917ರ ಸುಮಾರಿಗೆ ಮದ್ರಾಸಿನಲ್ಲಿ ಅನಿ ಬೆಸೆಂಟ್, ಅವರ ಒಡನಾಡಿ ಅರುಂಡೇಲ್ ಸೇರಿ ಭಾರತೀಯ ಮಕ್ಕಳಿಗೆ ಬೇರೆ ಸಂಸ್ಥೆಯನ್ನೇ ಕಟ್ಟಿದರು. ದೊಡ್ಡಬಳ್ಳಾಪುರದ ಶಿಬಿರದ ಜಾಗಕ್ಕೆ ಅನಿ ಬೆಸೆಂಟ್ ಪಾರ್ಕ್ ಅಂತ ಯಾಕೆ ಹೆಸರು ಅಂತ ಕೇಳುವ ಮಕ್ಕಳಿಗೆ ಇದನ್ನು ಹೇಳಿ. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಸ್ಥೆಗಳು ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು, ಮರುವರ್ಷ ಆಗಸ್ಟ್ 15ಕ್ಕೆ ಗರ್ಲ್ ಗೈಡ್‌ಗಳೂ ಬಂದು ಸೇರಿದರು. ಹಾಗಾಗಿ ನಮ್ಮಲ್ಲಿ ಹುಡುಗಿಯರಿಗೆ ರಾಷ್ಟ್ರಪತಿ ಗೈಡ್ ಆಗಲು 2019ರವರೆಗೆ ಕಾಯುವ ಕೆಲಸ ಇರಲಿಲ್ಲ. ಇದನ್ನೂ ಮೊಮ್ಮಗಳಿಗೆ ಹೇಳಿ, ಸ್ವಲ್ಪ ಜಂಬದಿಂದಲೇ ಹೇಳಿ.

ಪ್ರಶ್ನೆ: ರಾಷ್ಟ್ರಪತಿ ಪುರಸ್ಕಾರ ಬಂದರೆ ಸೀಟು, ಕೆಲಸ ಏನಾದರೂ ಸಿಗುತ್ತದಾ? ಸುಮ್ನೆ ಸರ್ಟಿಫಿಕೇಟಿಗೆ ಇಷ್ಟು ಕಷ್ಟ ಯಾಕೆ?
— ಪಾಲಕರು, ಹಾವೇರಿ

ಉತ್ತರ: ಸಿಇಟಿಯಲ್ಲಿ ವಿಶೇಷ ವರ್ಗ ಅಂತ ಇದೆ, ಎನ್‌ಸಿಸಿ, ಕ್ರೀಡೆ, ಮಾಜಿ ಸೈನಿಕರ ಮಕ್ಕಳ ಜೊತೆ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಅದರಲ್ಲಿ ಬರುತ್ತದೆ. ಸೀಟು ಕಡಿಮೆ, ಕೇಳುವವರು ಜಾಸ್ತಿ. ಅರ್ಜಿ ತುಂಬುವಾಗಲೇ ಆ ವರ್ಗವನ್ನು ನಮೂದಿಸಬೇಕು, ಮೂಲ ಪತ್ರಗಳ ಪರಿಶೀಲನೆಗೆ ಹೋಗಬೇಕು, ಆ ವರ್ಷದ ಸೂಚನೆ ಓದಿಯೇ ಮುಂದುವರಿಯಿರಿ. ರೈಲ್ವೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ, ಅದಕ್ಕೆ ರಾಷ್ಟ್ರಪತಿ ಪುರಸ್ಕಾರ ಒಂದು ಅರ್ಹತೆ, ಆದರೆ ಅದೊಂದೇ ಸಾಲದು. ಇತ್ತೀಚಿನ ವರ್ಷಗಳಲ್ಲೂ ದಳದಲ್ಲಿ ಸಕ್ರಿಯವಾಗಿರಬೇಕು, ರಾಜ್ಯ ಮತ್ತು ರಾಷ್ಟ್ರ ಮಟ್ಟದ ಶಿಬಿರಗಳಿಗೆ ಹೋಗಿರಬೇಕು. ಹತ್ತನೇ ಕ್ಲಾಸಿನಲ್ಲಿ ಪುರಸ್ಕಾರ ತೆಗೆದುಕೊಂಡು ಸ್ಕಾರ್ಫ್ ಮಡಚಿ ಬೀರುವಿನಲ್ಲಿ ಇಟ್ಟವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ಅಮೆರಿಕದಲ್ಲೂ ಈಗಲ್ ಆದವರು ಸೈನ್ಯಕ್ಕೆ ಸೇರಿದರೆ ಮೇಲಿನ ಹಂತದ ಸಂಬಳದಲ್ಲಿ ಶುರು ಮಾಡಬಹುದು. ಇದೆಲ್ಲ ಇದೆ. ಆದರೆ ಸೀಟಿಗೋಸ್ಕರವೇ ಸೇರಿಸುವುದಾದರೆ ಬೇಡ ಅನ್ನುತ್ತೇನೆ, ಮಗು ಮೂರನೇ ಶಿಬಿರದ ಮಳೆಯಲ್ಲಿ ನೆನೆದ ರಾತ್ರಿಯೇ ಬಿಟ್ಟು ಬರುತ್ತದೆ. ಹೊಸಬರಿಗೆ ಡೇರೆ ಕಟ್ಟಲು ಹೇಳಿಕೊಡುವುದು ಖುಷಿ ಅನಿಸಿದ ಮಕ್ಕಳು ಮಾತ್ರ ಕೊನೆವರೆಗೆ ಉಳಿಯುತ್ತಾರೆ, ದಳ ನಡೆಸುತ್ತಿದ್ದ ಕಾಲದಿಂದ ನಾನು ನೋಡಿರುವುದು ಅದನ್ನೇ.

ಪ್ರಶ್ನೆ: ಮಗ ಈಗಲ್ ಸ್ಕೌಟ್ ಆದ! ಕೋರ್ಟ್ ಆಫ್ ಆನರ್ ಸಮಾರಂಭಕ್ಕೆ ಹಾಲ್ ಬುಕ್ ಮಾಡಿ, ಇನ್ನೂರು ಜನರನ್ನು ಕರೆದು, ಕೇಟರಿಂಗ್ ಹೇಳಿ ಗೃಹಪ್ರವೇಶದ ಹಾಗೆ ಮಾಡೋಣ ಅಂತಿದ್ದೇವೆ. ಮಗ ಬೇಡ ಅನ್ನುತ್ತಿದ್ದಾನೆ. ನೀವೇನು ಹೇಳುತ್ತೀರಿ?
— ಕ್ಯಾಲಿಫೋರ್ನಿಯಾದ ದಂಪತಿ

ಉತ್ತರ: ಮೊದಲು ಹುಡುಗನಿಗೆ ಅಭಿನಂದನೆ ತಿಳಿಸಿ. ಸಮಾರಂಭ ಆಗದಿದ್ದರೂ ಅವನು ಈಗಲ್ಲೇ, ಬೋರ್ಡ್ ಆಫ್ ರಿವ್ಯೂ ಆದ ತಾರೀಖಿನಿಂದಲೇ ಅದು ಅವನದ್ದು. ಉಳಿದದ್ದು ಖುಷಿಗೆ. ಅಲ್ಲಿ ಈಗಲ್ ಆದವನು ಅಮ್ಮನಿಗೊಂದು, ಅಪ್ಪನಿಗೊಂದು ಪಿನ್ ಚುಚ್ಚುತ್ತಾನೆ, ದಾರಿ ತೋರಿಸಿದ ಒಬ್ಬರಿಗೂ ಒಂದು ಕೊಡುತ್ತಾನೆ. ಯಾರಿಗೆ ಕೊಡಬೇಕು ಅಂತ ನೀವು ಸೂಚಿಸಬೇಡಿ. ಪಟ್ಟಿಯನ್ನೂ ಅವನೇ ಬರೆಯಲಿ. ಪ್ರಾಜೆಕ್ಟಿನ ದಿನ ಬಿಸಿಲಲ್ಲಿ ಬಂದು ಮಣ್ಣು ಹೊತ್ತ ಅವನ ಗೆಳೆಯರು ಮೊದಲ ಸಾಲಿನಲ್ಲಿ ಕೂರಲಿ. ನಿಮ್ಮ ಆಫೀಸಿನವರನ್ನು ದೀಪಾವಳಿಗೆ ಕರೆದರಾಯಿತು. ಊಟಕ್ಕೆ ಬಿಸಿಬೇಳೆ ಬಾತು, ಮೊಸರನ್ನ, ಒಂದು ಸಿಹಿ ಸಾಕು. ಬಡಿಸುವುದು ನೀವಿಬ್ಬರೂ.